ಮೇಷ್ಟ್ರು ವರ್ಗ ಆದರೆ ಪೋಷಕರಿಗೆ ಮೊದಲೇ ಹೇಳಬೇಕಲ್ವಾ?

ನಿಮ್ಮ ಪ್ರಶ್ನೆ ಓದಿದೆ. ಗೌರಿಬಿದನೂರು ತಾಲ್ಲೂಕಿನ ಹಳ್ಳಿ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಮಗಳು ಎರಡನೇ ಕ್ಲಾಸು. ಒಂದೇ ವರ್ಷದಲ್ಲಿ ಇಬ್ಬರು ಶಿಕ್ಷಕರು ಹೋದರು, ಒಬ್ಬರ ಜಾಗ ಇನ್ನೂ ಖಾಲಿ ಇದೆ. ಮಗಳು ಮನೆಗೆ ಬಂದು "ಮಿಸ್ ಇನ್ಮೇಲೆ ಬರಲ್ವಂತೆ" ಅಂದಾಗಲೇ ನಿಮಗೆ ವಿಷಯ ಗೊತ್ತಾಗಿದ್ದು. ಕೇಳೋಕೆ ನಮಗೆ ಹಕ್ಕಿದೆಯಾ, ಕೇಳಿದರೆ ಮಗುವಿಗೆ ತೊಂದರೆ ಆಗುತ್ತಾ, ಟಿ.ಸಿ. ತಗೊಂಡು ಪ್ರೈವೇಟ್‌ಗೆ ಹಾಕೋದೇ ವಾಸಿನಾ ಅಂತ ಕೇಳಿದ್ದೀರಿ.

ನಾನು ಮುಳಬಾಗಿಲು ತಾಲ್ಲೂಕಿನ ಗಡಿ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿ. ಶಿಕ್ಷಕರು ಬರುವುದು ಹೋಗುವುದು ನಮ್ಮಲ್ಲೂ ಇದ್ದದ್ದೇ. ಹಾಗಾಗಿ ಶಾಲೆಯ ಒಳಗಿಂದ ಇದು ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ಹಕ್ಕು ಖಂಡಿತ ಇದೆ, ಕೇಳಿ. ಆದರೆ "ಮಿಸ್ ಯಾಕೆ ಹೋದರು" ಅಂತ ಶುರು ಮಾಡಿದರೆ ಮಾತು ಅಲ್ಲೇ ನಿಂತು ಹೋಗುತ್ತೆ. "ನನ್ನ ಮಗಳ ಬಗ್ಗೆ ಅವರಿಗೆ ಗೊತ್ತಿದ್ದದ್ದೆಲ್ಲ ಈಗ ಯಾರಿಗೆ ಗೊತ್ತಿದೆ?" ಅಂತ ಕೇಳಿ. ಈ ಪ್ರಶ್ನೆಗೆ ಶಾಲೆ ಉತ್ತರ ಕೊಡಲೇಬೇಕು.

ಮೊದಲು ವರ್ಗಾವಣೆ ವಿಷಯ. ನಮ್ಮ ರಾಜ್ಯದಲ್ಲಿ ಶಿಕ್ಷಕರ ವರ್ಗಾವಣೆಗೇ ಒಂದು ಪ್ರತ್ಯೇಕ ಕಾಯ್ದೆ ಇದೆ. 2007ರಲ್ಲಿ ಒಂದು ಬಂತು, 2020ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಕೌನ್ಸೆಲಿಂಗ್‌ನಲ್ಲಿ ಖಾಲಿ ಜಾಗಗಳ ಪಟ್ಟಿ ಇರುತ್ತೆ, ಸರದಿ ಬಂದಾಗ ಶಿಕ್ಷಕರು ಅದರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಆದೇಶ ಬಂದ ಮೇಲೆ ಕಾರ್ಯಮುಕ್ತಿಗೆ, ಅಂದರೆ ಹಳೇ ಶಾಲೆಯ ಕೆಲಸ ಬಿಟ್ಟು ಹೊರಡಲು, ಹೆಚ್ಚು ದಿನ ಸಿಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಉತ್ತರ ಕರ್ನಾಟಕದಿಂದ ಬಂದು ಕೆಲಸ ಮಾಡುವ ಶಿಕ್ಷಕರು ಅನೇಕರು. ಊರಲ್ಲಿ ವಯಸ್ಸಾದ ತಂದೆ ತಾಯಿ ಇರುತ್ತಾರೆ. ಅವಕಾಶ ಸಿಕ್ಕಾಗ ಹೋಗುತ್ತಾರೆ. ಅದನ್ನು ತಪ್ಪು ಅಂತ ನಾನು ಹೇಳಲಾರೆ. ಊರಿನವರು ಗೇಟಿಗೆ ಬೀಗ ಹಾಕಿ ಕೂತರೂ ಆದೇಶ ನಿಲ್ಲುವುದು ಕಷ್ಟ. ಆ ದಿನ ಮಕ್ಕಳ ಪಾಠ ಹೋಗುತ್ತೆ, ಬಿಸಿಯೂಟ ಹೋಗುತ್ತೆ. ದಯವಿಟ್ಟು ಆ ದಾರಿ ಬೇಡ.

ಆದರೆ ಆದೇಶ ಬಂದ ದಿನವೇ ಮುಖ್ಯ ಶಿಕ್ಷಕರಿಗೂ ಗೊತ್ತಾಯಿತು ಅಂತ ಶಾಲೆಯವರು ಹೇಳಿದರೆ ಅದು ಪೂರ್ತಿ ನಿಜ ಅಲ್ಲ. ವರ್ಗಾವಣೆಗೆ ಯಾರು ಅರ್ಜಿ ಹಾಕಿದ್ದಾರೆ ಅಂತ ಶಾಲೆಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿರುತ್ತೆ. ನಿವೃತ್ತಿ ತಾರೀಖಂತೂ ವರ್ಷಗಳ ಮುಂಚೆಯೇ ಗೊತ್ತು. ಹೆರಿಗೆ ರಜೆಯೂ ತಿಂಗಳುಗಳ ಮುಂಚೆ ಗೊತ್ತು. "ಇವರು ಹೋಗಬಹುದು, ಹೋದರೆ ಹೀಗೆ ಮಾಡುತ್ತೇವೆ" ಅಂತ ಪೋಷಕರಿಗೆ ಹೇಳಲು ಸಮಯ ಇರುತ್ತೆ. ಹೇಳದೇ ಇರುವುದು ಒಂದು ಅಭ್ಯಾಸ ಆಗಿಬಿಟ್ಟಿದೆ ಅಷ್ಟೇ. ನನ್ನ ಸಹೋದ್ಯೋಗಿಗಳಿಗೆ ಬೇಜಾರಾದರೂ ಪರವಾಗಿಲ್ಲ, ಇದನ್ನು ಹೇಳಲೇಬೇಕು.

ಈಗ ಚಾರ್ಜ್ ವಿಷಯ. ಮುಖ್ಯ ಶಿಕ್ಷಕರು ಬದಲಾದಾಗ ಚಾರ್ಜ್ ಪಟ್ಟಿ ಬರೆಯುತ್ತಾರೆ. ಅಕ್ಕಿ ಎಷ್ಟು ಮೂಟೆ, ಬೇಳೆ ಎಷ್ಟು, ಹಾಲಿನ ಪುಡಿ ಎಷ್ಟು ಪ್ಯಾಕೆಟ್, ನಗದು ಪುಸ್ತಕದಲ್ಲಿ ಎಷ್ಟು ಬಾಕಿ, ಕುರ್ಚಿ ಬೆಂಚು ಎಷ್ಟು. ಎಲ್ಲಾ ಎಣಿಸಿ, ಇಬ್ಬರೂ ಸಹಿ ಹಾಕುತ್ತಾರೆ. ಅದು ಆಗಲೇಬೇಕು. ಆದರೆ ಕ್ಲಾಸಿನ ಶಿಕ್ಷಕಿ ಬದಲಾದಾಗ ಮಕ್ಕಳ ಬಗ್ಗೆ ಒಂದು ಹಾಳೆ ಬರೆದು ಕೊಟ್ಟು ಹೋಗುವ ಪದ್ಧತಿ ಎಷ್ಟು ಶಾಲೆಯಲ್ಲಿದೆ? ಇವಳಿಗೆ ಒತ್ತಕ್ಷರ ಬರಲ್ಲ. ಇವನಿಗೆ ದೂರದ ಬೋರ್ಡ್ ಕಾಣಲ್ಲ, ಮುಂದೆ ಕೂರಿಸಿ. ಈ ಹುಡುಗನಿಗೆ ಮೂರ್ಛೆ ಬರುತ್ತೆ. ಆ ಹುಡುಗಿಯನ್ನು ಅಜ್ಜಿ ಬಿಟ್ಟರೆ ಬೇರೆ ಯಾರ ಜೊತೆಗೂ ಕಳಿಸಬೇಡಿ. ಇದೆಲ್ಲ ಶಿಕ್ಷಕಿಯ ತಲೆಯಲ್ಲೇ ಇರುತ್ತೆ, ಅವರ ಜೊತೆಗೇ ಹೊರಟುಹೋಗುತ್ತೆ. ಹೊಸಬರು ಬಂದು ಅದನ್ನೆಲ್ಲ ತಿಳಿದುಕೊಳ್ಳುವ ಹೊತ್ತಿಗೆ ದಸರಾ ರಜೆ ಬಂದಿರುತ್ತೆ.

ನಿಮ್ಮ ಮಗಳು ಎರಡನೇ ಕ್ಲಾಸು ಅಂದರೆ ನಲಿಕಲಿಯಲ್ಲಿದ್ದಾಳೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರಲ್ಲ, ಅದು. ಅಲ್ಲಿ ಎಲ್ಲರಿಗೂ ಒಂದೇ ಪಾಠ ನಡೆಯುವುದಿಲ್ಲ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲಲ್ಲಿ ಇರುತ್ತೆ, ಕಾರ್ಡ್ ನೋಡಿಕೊಂಡು ತನ್ನ ತಟ್ಟೆಗೆ (ಮಕ್ಕಳು ಕೂರುವ ಗುಂಪಿಗೆ ಅಲ್ಲಿ ತಟ್ಟೆ ಅಂತಾರೆ) ಹೋಗಿ ಕೂರುತ್ತೆ. ಶಿಕ್ಷಕಿಯ ಹತ್ತಿರ ಕೂತು ಕಲಿಯುವ ತಟ್ಟೆ ಬೇರೆ, ತಾನಾಗಿಯೇ ಕಲಿಯುವ ತಟ್ಟೆ ಬೇರೆ. ಯಾವ ಮಗು ಎಲ್ಲಿದೆ ಅಂತ ಪ್ರಗತಿ ನೋಟದಲ್ಲಿ ಗುರುತು ಮಾಡಿರುತ್ತಾರೆ. ಆ ಗುರುತು ಸರಿಯಾಗಿದ್ದರೆ ಹೊಸ ಶಿಕ್ಷಕಿ ಒಂದೇ ವಾರದಲ್ಲಿ ಕ್ಲಾಸು ಹಿಡಿಯಬಹುದು. ಇಲ್ಲದಿದ್ದರೆ, ಮತ್ತು ಬಂದವರಿಗೆ ನಲಿಕಲಿ ತರಬೇತಿಯೂ ಆಗಿಲ್ಲದಿದ್ದರೆ, ಎಲ್ಲರನ್ನೂ ಸಾಲಾಗಿ ಕೂರಿಸಿ ಅ ಆ ಇ ಈ ಇಂದ ಶುರು ಮಾಡುತ್ತಾರೆ. ಮುಂದೆ ಹೋಗಿದ್ದ ಮಗುವಿಗೆ ಬೇಜಾರು, ಹಿಂದಿದ್ದ ಮಗುವಿಗೆ ಭಯ. ನೀವು ಹೋಗಿ "ಪ್ರಗತಿ ನೋಟದಲ್ಲಿ ನಮ್ಮ ಮಗಳು ಎಲ್ಲಿದ್ದಾಳೆ ತೋರಿಸಿ" ಅಂದರೆ ಸಾಕು. ಆ ಒಂದು ಮಾತಿಗೆ ಇಡೀ ಕ್ಲಾಸಿನ ಗುರುತು ಸರಿಯಾಗುತ್ತೆ, ನಾನು ನೋಡಿದ್ದೇನೆ.

ಕಾನೂನು ಏನು ಹೇಳುತ್ತೆ ಅಂತ ಚಿಕ್ಕದಾಗಿ ಹೇಳುತ್ತೇನೆ, ಮಾತಾಡುವಾಗ ಧೈರ್ಯ ಇರಲಿ ಅಂತ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯದ ಬಗ್ಗೆ ಇದೆ. ನಿಯಮಿತವಾಗಿ ಪೋಷಕರ ಸಭೆ ಮಾಡಬೇಕು. ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಪ್ರಗತಿ ಎಲ್ಲವನ್ನೂ ಪೋಷಕರಿಗೆ ತಿಳಿಸಬೇಕು ಅಂತ ಅದರಲ್ಲಿ ಬರೆದಿದೆ. 21ನೇ ಕಲಂ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ನಮ್ಮಲ್ಲಿ ಅದೇ ಎಸ್‌ಡಿಎಂಸಿ, ಆ ಕಾಯ್ದೆಗಿಂತ ಮುಂಚೆ, 2001ರಿಂದಲೇ ಇದೆ. ಶಿಕ್ಷಕರ ಹುದ್ದೆ ಖಾಲಿ ಬಿಡುವುದಕ್ಕೂ ಮಿತಿ ಇದೆ. 26ನೇ ಕಲಂ ಪ್ರಕಾರ ಮಂಜೂರಾದ ಹುದ್ದೆಯಲ್ಲಿ ಶೇ. 10ಕ್ಕಿಂತ ಜಾಸ್ತಿ ಖಾಲಿ ಇರಬಾರದು.

ಈಗ ಟಿ.ಸಿ. ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಒಂದರಿಂದ ಐದನೇ ಕ್ಲಾಸಿನ ಶಾಲೆಗೆ ಎಷ್ಟು ಶಿಕ್ಷಕರು ಅಂತ ಅದೇ ಕಾಯ್ದೆಯ ಅನುಬಂಧದಲ್ಲಿ ಲೆಕ್ಕ ಇದೆ. 60 ಮಕ್ಕಳವರೆಗೆ ಇಬ್ಬರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು. ನಿಮ್ಮ ಶಾಲೆಯಲ್ಲಿ 62 ಮಕ್ಕಳಿದ್ದಾರೆ ಅಂತ ಇಟ್ಟುಕೊಳ್ಳಿ. ಬೇಜಾರಾಗಿ ಎರಡು ಮನೆಯವರು ಟಿ.ಸಿ. ತಗೊಂಡರೆ 60 ಉಳಿಯಿತು. ಮುಂದಿನ ಸಲ ಲೆಕ್ಕ ಹಾಕುವಾಗ ಮೂರನೇ ಶಿಕ್ಷಕರು "ಹೆಚ್ಚುವರಿ" ಆಗುವ ಸಾಧ್ಯತೆ ಇದೆ, ಅವರನ್ನು ಬೇರೆ ಶಾಲೆಗೆ ಕಳಿಸುತ್ತಾರೆ. ಅದನ್ನು ನೋಡಿ ಇನ್ನೂ ನಾಲ್ಕು ಮನೆಯವರು ಟಿ.ಸಿ. ತಗೊಳ್ಳುತ್ತಾರೆ. ನಮ್ಮ ಭಾಗದಲ್ಲಿ ಒಬ್ಬರೇ ಶಿಕ್ಷಕರು ಉಳಿದ ಎಷ್ಟೋ ಶಾಲೆಗಳು ಹೀಗೇ ಆದವು. ನಿಮ್ಮ ಮಗಳಿಗೆ ಯಾವುದು ಒಳ್ಳೆಯದೋ ಅದನ್ನು ಮಾಡುವುದು ನಿಮ್ಮ ಹಕ್ಕು, ಅದಕ್ಕೆ ನಾನು ಅಡ್ಡ ಬರಲ್ಲ. ಆದರೆ ಪ್ರೈವೇಟ್ ಶಾಲೆಯಲ್ಲಿ ಶಿಕ್ಷಕರು ಬದಲಾಗಲ್ಲ ಅಂದುಕೊಂಡು ಹೋಗಬೇಡಿ. ಕಡಿಮೆ ಸಂಬಳದ ಕೆಲಸ, ವರ್ಷದ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ. ಅಲ್ಲೂ ಯಾರೂ ಮೊದಲೇ ಬಂದು ನಿಮಗೆ ಹೇಳಲ್ಲ.

ಹೇಗೆ ಕೇಳಬೇಕು? ಒಬ್ಬರೇ ಹೋಗಬೇಡಿ. ಅದೇ ಕ್ಲಾಸಿನ ಇನ್ನು ಮೂರು ನಾಲ್ಕು ಜನ ತಾಯಂದಿರನ್ನು ಕರೆದುಕೊಂಡು ಹೋಗಿ. ಒಂದು ಬಿಳಿ ಹಾಳೆಯಲ್ಲಿ ಮುಖ್ಯ ಶಿಕ್ಷಕರ ಹೆಸರಿಗೆ ಬರೆಯಿರಿ. ಕ್ಲಾಸಿನ ಶಿಕ್ಷಕಿ ಯಾವತ್ತು ಕಾರ್ಯಮುಕ್ತಿ ಆದರು, ಈಗ ಆ ಕ್ಲಾಸು ಯಾರ ಜವಾಬ್ದಾರಿ, ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ಕೇಳಿದ್ದೀರಾ, ಮಕ್ಕಳ ಪ್ರಗತಿ ನೋಟ ಮತ್ತು ಕೃತಿ ಸಂಪುಟ (ಮಗು ಮಾಡಿದ ಕೆಲಸಗಳನ್ನು ಸೇರಿಸಿಟ್ಟ ಫೈಲು) ಹೊಸಬರ ಕೈಗೆ ಸೇರಿದೆಯಾ. ಇಷ್ಟು ಸಾಕು, ಯಾರ ಮೇಲೂ ದೂರು ಬೇಡ. ನಕಲಿನ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. ಇನ್ನೊಂದು ನಕಲನ್ನು ಎಸ್‌ಡಿಎಂಸಿ ಅಧ್ಯಕ್ಷರಿಗೆ ಕೊಟ್ಟು ಮುಂದಿನ ಸಭೆಯಲ್ಲಿ ಇಡಿ ಅಂತ ಹೇಳಿ. ಸಭೆಯ ನಡಾವಳಿ ಪುಸ್ತಕದಲ್ಲಿ ಅದು ಬರೆದಿರಬೇಕು. ಬಾಯಿಮಾತಲ್ಲಿ ಹೇಳಿದ್ದು ಗೌರಿಬಿದನೂರಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ತಲುಪಲ್ಲ, ನಡಾವಳಿಯ ನಕಲು ತಲುಪುತ್ತೆ. ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಶಾಲೆಗೆ ಬಂದ ದಿನ ಅವರಿಗೂ ತೋರಿಸಿ. ಇಷ್ಟೆಲ್ಲ ಆದ ಮೇಲೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನನ್ನ ಪ್ರಕಾರ ಅಲ್ಲಿವರೆಗೂ ಹೋಗುವುದೇ ಬರಲ್ಲ.

ಅತಿಥಿ ಶಿಕ್ಷಕರ ವಿಷಯ ನಿಮ್ಮ ಕೈಯಲ್ಲೂ ಸ್ವಲ್ಪ ಇದೆ. ಖಾಲಿ ಹುದ್ದೆಗೆ ಒಪ್ಪಿಗೆ ಬಿಇಒ ಕಡೆಯಿಂದ ಬರಬೇಕು. ಆದರೆ ಸುತ್ತಮುತ್ತ ಡಿ.ಎಡ್., ಬಿ.ಎಡ್. ಮಾಡಿ ಮನೆಯಲ್ಲಿರುವವರು ಯಾರು ಅಂತ ಊರಿನವರಿಗೇ ಚೆನ್ನಾಗಿ ಗೊತ್ತಿರುತ್ತೆ, ಅಲ್ವಾ? ಅವರಿಗೆ ಹೇಳಿ ಅರ್ಜಿ ಹಾಕಿಸಿ. ಬಂದವರನ್ನು "ಟೆಂಪರವರಿ ಮಿಸ್" ಅಂತ ಕರೆಯಬೇಡಿ, ಮಕ್ಕಳೂ ಅದನ್ನೇ ಕಲಿಯುತ್ತಾರೆ. ಅವರ ಗೌರವಧನ ತಡ ಆದರೆ ಎಸ್‌ಡಿಎಂಸಿಯಲ್ಲಿ ಅದನ್ನೂ ಎತ್ತಿ. ಅವರು ನಡುವೆ ಬಿಟ್ಟು ಹೋಗುವುದು ಬಹಳ ಸಲ ಅದೇ ಕಾರಣಕ್ಕೆ.

ಸುದ್ದಿ ಮುಟ್ಟಿಸುವ ಬಗ್ಗೆ ಒಂದು ಮಾತು. ನಿಮ್ಮ ಶಾಲೆಯವರು "ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ವಲ್ಲ" ಅನ್ನಬಹುದು. ಗ್ರೂಪಲ್ಲಿ ಇರುವುದು ಹೆಚ್ಚಾಗಿ ಅಪ್ಪಂದಿರ ನಂಬರು. ನಮ್ಮ ಕಡೆ ಅಪ್ಪ ಬೆಳಕು ಹರಿಯುವ ಮುಂಚೆ ನರಸಾಪುರದ ಕಂಪನಿ ಬಸ್ಸು ಹತ್ತುತ್ತಾನೆ. ಅಮ್ಮ ಟೊಮೆಟೊ ಕೀಳಲು ಹೋಗುತ್ತಾಳೆ, ಅವಳ ಕೈಯಲ್ಲಿ ಆ ಫೋನ್ ಇರಲ್ಲ. ನಿಮ್ಮ ಕಡೆಯೂ ಹೆಚ್ಚು ಕಡಿಮೆ ಇದೇ ಇರುತ್ತೆ. ಆದರೆ ಊರಲ್ಲಿ ಬೆಳಿಗ್ಗೆ ಸಂಜೆ ಹೆಚ್ಚಿನ ಮನೆಯವರು ಬರುವ ಜಾಗ ಒಂದಿದೆ, ಹಾಲಿನ ಡೇರಿ. ನಾವು ಶಾಲೆಯ ಮುಖ್ಯ ವಿಷಯ ಏನಿದ್ದರೂ ದೊಡ್ಡ ಅಕ್ಷರದಲ್ಲಿ ಬರೆದು ಡೇರಿ ಗೋಡೆಗೆ ಅಂಟಿಸುತ್ತೇವೆ, ಓದಲು ಬರದವರಿಗೆ ಹಾಲು ಅಳೆಯುವ ಹುಡುಗ ಓದಿ ಹೇಳುತ್ತಾನೆ. ಸಭೆಯನ್ನೂ ಸಂಜೆ ಹಾಲು ಹಾಕಿ ಬಂದ ಮೇಲೆ ಇಡುತ್ತೇವೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು "ಪೋಷಕರಿಗೆ ಆಸಕ್ತಿಯೇ ಇಲ್ಲ" ಅನ್ನುವುದು ನ್ಯಾಯ ಅಲ್ಲ. ಕೂಲಿ ಬಿಟ್ಟು ಯಾರು ಬರುತ್ತಾರೆ?

ಭಾಷೆಯದ್ದೂ ಇದೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ಅನೇಕ ಮನೆಗಳಲ್ಲಿ ತೆಲುಗು. ವಿಜಯಪುರದ ಕಡೆಯಿಂದ ಬಂದ ಹೊಸ ಶಿಕ್ಷಕರಿಗೆ ಅದು ಬರಲ್ಲ, ತಾಯಂದಿರಿಗೆ ಅವರ ಕನ್ನಡ ಹೊಸದು. ಎರಡೂ ಕಡೆಯವರು ನಗುತ್ತಾರೆ, ಮಾತೇ ಆಡಲ್ಲ. ನಾನು ಮೊದಲ ಸಭೆಯಲ್ಲಿ ಎಸ್‌ಡಿಎಂಸಿಯ ಒಬ್ಬ ಹೆಂಗಸನ್ನು ಹೊಸ ಶಿಕ್ಷಕರ ಪಕ್ಕ ಕೂರಿಸುತ್ತೇನೆ. "ಮೀ ಪಾಪ ಎಟ್ಲ ಚದುವುತಾದಿ?" (ನಿಮ್ಮ ಮಗು ಹೇಗೆ ಓದುತ್ತೆ?) ಅಂತ ಆ ಹೆಂಗಸು ಕೇಳಿದ ಮೇಲೆ ತಾಯಂದಿರು ಬಾಯಿ ಬಿಡುತ್ತಾರೆ. ಗೌರಿಬಿದನೂರು ಕಡೆಯೂ ತೆಲುಗು ಮನೆಗಳಿವೆ, ನಿಮ್ಮ ಶಾಲೆಯಲ್ಲೂ ಇದನ್ನು ಮಾಡಿಸಬಹುದು.

ಕೇಳಿದರೆ ಮಗುವಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರಾ ಅಂತ ನಿಮ್ಮ ಭಯ. ಆ ಭಯ ಸುಮ್ನೆ ಬಂದಿದ್ದಲ್ಲ, ನನಗೆ ಅರ್ಥ ಆಗುತ್ತೆ. ಅದಕ್ಕೇ ಗುಂಪಾಗಿ ಹೋಗಿ, ಬರವಣಿಗೆಯಲ್ಲಿ ಕೊಡಿ ಅಂದಿದ್ದು. ಮಗುವಿನ ಮುಂದೆ ಮಾತ್ರ ಶಾಲೆಯ ಬಗ್ಗೆ ಬೈಯಬೇಡಿ. ಹಳೇ ಮಿಸ್ ನಂಬರ್ ಇದ್ದರೆ ಒಂದು ಸಲ ಫೋನ್ ಮಾಡಿ ಮಗಳ ಕೈಗೆ ಕೊಡಿ. ಹಾಗೇ ನೀವೂ ಕೇಳಿ, ಇವಳು ಎಲ್ಲಿವರೆಗೆ ಕಲಿತಿದ್ದಳು, ಎಲ್ಲಿ ಎಡವುತ್ತಾಳೆ ಅಂತ. ಬಹಳಷ್ಟು ಶಿಕ್ಷಕರು ಖುಷಿಯಿಂದಲೇ ಹೇಳುತ್ತಾರೆ. ಅವರು ಹೇಳಿದ್ದನ್ನು ಮಗಳ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ತಾರೀಖು ಹಾಕಿ ಬರೆಯಿರಿ, ಹೊಸ ಮಿಸ್ ಬಂದ ವಾರವೇ ಹೋಗಿ ಆ ಪುಟ ತೋರಿಸಿ.

ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಈಗ ಎಷ್ಟು ಶಿಕ್ಷಕರಿದ್ದಾರೆ ಅಂತ ಇಲ್ಲೇ ಕೆಳಗೆ ಬರೆಯಿರಿ. ಲೆಕ್ಕದ ಪ್ರಕಾರ ಎಷ್ಟು ಜನ ಇರಬೇಕು ಅಂತ ನೋಡಿ ಹೇಳುತ್ತೇನೆ. ಅರ್ಜಿಯ ಮೊದಲ ಸಾಲಲ್ಲೇ ಅದನ್ನು ಹಾಕಬಹುದು.