ಇನ್ಸುಲಿನ್ ಜೀವಕೋಶದ ಪೊರೆಯನ್ನೇ ದಾಟಲ್ಲ ಅಂದ್ರೆ, ಅದರ ಸಂದೇಶ ಒಳಗೆ ಮುಟ್ಟೋದು ಹೇಗೆ?

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ, ಮಿರ್ಚಿ ತಿಂದಿರಿ ಅನ್ನಿ. ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಅದು ಪ್ರೋಟೀನು, ಕೋಶದ ಕೊಬ್ಬಿನ ಪೊರೆ ದಾಟಲಾರದು. ದಾಟಬೇಕಾಗಿಯೂ ಇಲ್ಲ. ಪೊರೆಯ ಎರಡೂ ಕಡೆ ಚಾಚಿರುವ ರಿಸೆಪ್ಟರನ್ನು, ಅಂದರೆ ಸಂದೇಶ ಗ್ರಹಿಸುವ ಪ್ರೋಟೀನನ್ನು, ಹೊರಗಿನಿಂದ ಹಿಡಿದರೆ ಸಾಕು. ಆಗ ರಿಸೆಪ್ಟರಿನ ಎರಡು ಒಳತುದಿಗಳು ಒಂದಕ್ಕೊಂದು ಫಾಸ್ಫೇಟ್ ಎಂಬ ಪುಟ್ಟ ರಾಸಾಯನಿಕ ಗುಂಪನ್ನು ಅಂಟಿಸುತ್ತವೆ, ಪಕ್ಕದ ಪ್ರೋಟೀನುಗಳಿಗೂ ಅಂಟಿಸುತ್ತವೆ. ಹೀಗೆ ಸಂಕೇತ ಮುಂದೆ ಸಾಗಿ, ಸ್ನಾಯುಕೋಶದೊಳಗೆ ಕಾದಿರುವ ಗ್ಲುಟ್-4 ಎಂಬ ಪ್ರೋಟೀನು ಪೊರೆಗೆ ಬರುತ್ತದೆ. ಸಕ್ಕರೆ ಒಳಹೋಗುವುದು ಅದರ ಮೂಲಕವೇ.

ಸಂಕೇತ ನಿಲ್ಲುವುದೂ ಅಷ್ಟೇ ಮುಖ್ಯ ಅಲ್ವಾ? ಫಾಸ್ಫಟೇಸ್ ಕಿಣ್ವಗಳು ಆ ಫಾಸ್ಫೇಟುಗಳನ್ನು ಕಿತ್ತುಹಾಕುತ್ತವೆ. ಇನ್ಸುಲಿನ್ ಹಿಡಿದ ರಿಸೆಪ್ಟರನ್ನು ಕೋಶ ಒಳಗೆಳೆದುಕೊಳ್ಳುತ್ತದೆ. ಇನ್ಸುಲಿನ್ ಸದಾ ಜಾಸ್ತಿ ಇದ್ದರೆ ಪೊರೆಯ ಮೇಲೆ ರಿಸೆಪ್ಟರುಗಳೇ ಕಡಿಮೆಯಾಗುತ್ತವೆ. ಟೈಪ್ 2 ಮಧುಮೇಹದಲ್ಲಂತೂ ಮುಖ್ಯವಾಗಿ ಒಳಗಿನ ಸಂಕೇತವೇ ಮಂಕಾಗಿರುತ್ತದೆ.