ಹಿಮಗಾಲದ ಕೆನಡಾ: ಮೊದಲ ಸಲ ಹೊರಟವರ ಪ್ರಶ್ನೆಗಳು

ಫೆಬ್ರುವರಿಯಲ್ಲಿ ಕೆನಡಾದ ನಗರಗಳಿಗೆ ಹೊರಟಿರುವ ಹಲವರು ಈ ಸಲ ಬರೆದಿದ್ದಾರೆ. ಮಾಂಟ್ರಿಯಲ್‌ನಲ್ಲಿ ಬಹಳ ವರ್ಷ ಬಾಳಿದವಳಾದ್ದರಿಂದ ಈ ಪತ್ರಗಳನ್ನು ಖುಷಿಯಿಂದ ಓದಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮತ್ತು ನನ್ನ ಪತಿ ಹತ್ತು ದಿನಗಳ ಪ್ರವಾಸಕ್ಕೆ ವ್ಯಾಂಕೂವರ್, ಬ್ಯಾನ್ಫ್, ಟೊರಾಂಟೊ, ನಯಾಗರಾ, ಒಟ್ಟಾವಾ, ಮಾಂಟ್ರಿಯಲ್, ಕ್ವಿಬೆಕ್ ಎಂದು ಪಟ್ಟಿ ಮಾಡಿಕೊಂಡಿದ್ದೇವೆ. ಹಿಮ ನೋಡುವುದು ಇದೇ ಮೊದಲು. ಇದು ಸರಿಹೋಗುತ್ತದೆಯೇ?

ಉತ್ತರ: ಮೊದಲ ನಾಲ್ಕು ಊರುಗಳನ್ನು ಹೊಡೆದುಹಾಕಿ. ಬೇಸಿಗೆಯಲ್ಲಾದರೂ ಹತ್ತು ದಿನಕ್ಕೆ ಇದು ಹೆಚ್ಚಾಯಿತು. ಫೆಬ್ರುವರಿಯಲ್ಲಂತೂ ಅರ್ಧ ಪ್ರವಾಸ ವಿಮಾನ ನಿಲ್ದಾಣಗಳಲ್ಲೇ ಮುಗಿದುಹೋಗುತ್ತದೆ. ವ್ಯಾಂಕೂವರ್ ಪೆಸಿಫಿಕ್ ಕಡಲಿನ ಊರು. ಅಲ್ಲಿ ಚಳಿಗಾಲವೆಂದರೆ ಬಹುಪಾಲು ಮಳೆ. ಮಾಂಟ್ರಿಯಲ್‌ಗೂ ಅದಕ್ಕೂ ಗಡಿಯಾರದಲ್ಲೇ ಗಂಟೆಗಳ ವ್ಯತ್ಯಾಸವಿದೆ. ಬ್ಯಾನ್ಫ್‌ಗೆ ಕ್ಯಾಲ್ಗರಿಯ ತನಕ ಹಾರಿ, ಮತ್ತೆ ಬೆಟ್ಟದ ದಾರಿ ಹಿಡಿಯಬೇಕು. ಟೊರಾಂಟೊ ದೊಡ್ಡ ನಗರವೇನೋ ಹೌದು, ಆದರೆ ಸರೋವರದ ದೆಸೆಯಿಂದ ಅಲ್ಲಿನ ಚಳಿ ಮೆದು. ಹಿಮ ಬಿದ್ದರೂ ಬೇಗ ಕರಗಿ ಕೆಸರಾಗುತ್ತದೆ.

ನಯಾಗರಾ ಬಿಡಿ ಎಂದರೆ ನಿಮಗೆ ಕಸಿವಿಸಿಯಾಗುತ್ತದೆ ಎಂದು ಬಲ್ಲೆ. ಜಲಪಾತದ ಬುಡಕ್ಕೆ ಕರೆದೊಯ್ಯುವ ದೋಣಿಗಳು ಚಳಿಗಾಲದಲ್ಲಿ ಓಡುವುದಿಲ್ಲ. ಅದರ ಬದಲು ಕ್ವಿಬೆಕ್ ನಗರದ ಅಂಚಿನಲ್ಲೇ ಇರುವ ಮಾಂಟ್‌ಮರೆನ್ಸಿ ಜಲಪಾತಕ್ಕೆ ಹೋಗಿ. ಅಗಲದಲ್ಲಿ ನಯಾಗರಾಕ್ಕೆ ಸಾಟಿಯಲ್ಲ, ಆದರೆ 83 ಮೀಟರ್ ಎತ್ತರದಿಂದ ಬೀಳುತ್ತದೆ, ಅಂದರೆ ನಯಾಗರಾಕ್ಕಿಂತ ಸುಮಾರು 30 ಮೀಟರ್ ಹೆಚ್ಚು. ಚಳಿಗಾಲದಲ್ಲಿ ಅದರ ತುಂತುರು ಕೆಳಗೆ ಬೀಳುತ್ತಲೇ ಹೆಪ್ಪುಗಟ್ಟಿ, ಬುಡದಲ್ಲಿ ಒಂದು ಬಿಳಿಯ ಗುಡ್ಡವೇ ಬೆಳೆಯುತ್ತದೆ. ಸ್ಥಳೀಯರು ಅದನ್ನು ಸಕ್ಕರೆ ಅಚ್ಚು ಎನ್ನುತ್ತಾರೆ. ಬೇಸಿಗೆಯಲ್ಲಿ ಹೋದವರಿಗೆ ಇದು ಕಾಣಸಿಗದು.

ಹೀಗೆ ಉಳಿಯುವ ಊರುಗಳು ಮೂರು. ಮಾಂಟ್ರಿಯಲ್‌ಗೆ ಬಂದಿಳಿದು, ಒಟ್ಟಾವಾದಲ್ಲಿ ಎರಡು ರಾತ್ರಿ, ಕ್ವಿಬೆಕ್‌ನಲ್ಲಿ ಮೂರು ರಾತ್ರಿ, ಉಳಿದದ್ದು ಮಾಂಟ್ರಿಯಲ್‌ನಲ್ಲಿ ಎಂದು ಹಂಚಿಕೊಳ್ಳಿ. ಒಟ್ಟಾವಾದಿಂದ ಮಾಂಟ್ರಿಯಲ್‌ಗೆ ರೈಲಿನಲ್ಲಿ ಎರಡು ಗಂಟೆ, ಅಲ್ಲಿಂದ ಕ್ವಿಬೆಕ್‌ಗೆ ಮೂರು ಗಂಟೆಗಿಂತ ತುಸು ಹೆಚ್ಚು. ಕೊನೆಯ ಎರಡು ರಾತ್ರಿ ಮಾಂಟ್ರಿಯಲ್‌ನಲ್ಲೇ ಇರಿ. ಹಿಮಬಿರುಗಾಳಿ ಎದ್ದು ರೈಲು ತಡವಾದರೂ ಊರಿಗೆ ಮರಳುವ ವಿಮಾನ ಕೈತಪ್ಪಬಾರದು.

ಫೆಬ್ರುವರಿಯ ಮೊದಲರ್ಧವನ್ನು ಆರಿಸಿಕೊಂಡರೆ ಎರಡು ಉತ್ಸವಗಳು ಸಿಗುತ್ತವೆ. ಒಂದು ಒಟ್ಟಾವಾದ ವಿಂಟರ್‌ಲೂಡ್, ಇನ್ನೊಂದು ಈಗಿನ ರೂಪದಲ್ಲಿ 1955ರಿಂದ ನಡೆದುಬಂದಿರುವ ಕ್ವಿಬೆಕ್‌ನ ಕಾರ್ನಿವಲ್. ಹೋಟೆಲುಗಳು ಬೇಗ ತುಂಬುತ್ತವೆ, ಮೊದಲು ಅದನ್ನು ನೋಡಿಕೊಳ್ಳಿ. ಒಟ್ಟಾವಾದ ರಿಡೋ ಕಾಲುವೆ ಹೆಪ್ಪುಗಟ್ಟಿದಾಗ 7.8 ಕಿಲೋಮೀಟರ್ ಉದ್ದದ ಜಾರುದಾರಿಯಾಗುತ್ತದೆ. ಸ್ಕೇಟಿಂಗ್ ಬಾರದವರೂ ಬೂಟು ಹಾಕಿಕೊಂಡು ಅದರ ಮೇಲೆ ನಡೆಯಬಹುದು, ಶುಲ್ಕವಿಲ್ಲ. ಆದರೆ ಮಂಜುಗಡ್ಡೆ ಸುಮಾರು 30 ಸೆಂಟಿಮೀಟರ್ ದಪ್ಪಗಾದ ಮೇಲಷ್ಟೇ ತೆರೆಯುತ್ತಾರೆ. 2022-23ರ ಚಳಿಗಾಲದಲ್ಲಿ ಅದು ಒಂದು ದಿನವೂ ತೆರೆಯಲಿಲ್ಲ. ಅದೊಂದನ್ನೇ ನೆಚ್ಚಿಕೊಂಡು ಒಟ್ಟಾವಾಕ್ಕೆ ಹೋಗಬೇಡಿ. ನದಿಯಾಚೆ ಗಾಟಿನೋದಲ್ಲಿರುವ ಇತಿಹಾಸ ಸಂಗ್ರಹಾಲಯಕ್ಕೂ ಒಂದು ಹೊತ್ತು ತೆಗೆದಿಡಿ. ಪಶ್ಚಿಮ ಕರಾವಳಿಯ ಮೂಲನಿವಾಸಿಗಳು ಮರದಲ್ಲಿ ಕೆತ್ತಿದ ಟೋಟೆಮ್ ಕಂಬಗಳು ಸಾಲಾಗಿ ನಿಂತಿರುವ ಅಲ್ಲಿನ ದೊಡ್ಡ ಸಭಾಂಗಣ ನನಗೆ ಬಹಳ ಪ್ರಿಯ.

ದಿನದ ಲೆಕ್ಕವನ್ನೂ ಬದಲಿಸಿಕೊಳ್ಳಬೇಕು. ಫೆಬ್ರುವರಿ ಆರಂಭದಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಒಂದೂವರೆ ಗಂಟೆ ಹೊರಗೆ, ಮಧ್ಯಾಹ್ನ ಸಂಗ್ರಹಾಲಯವೋ ಮಾರುಕಟ್ಟೆಯೋ, ಬೆಳಕು ಇಳಿಯುವ ಮುನ್ನ ಮತ್ತೊಮ್ಮೆ ಹೊರಗೆ. ಇದಕ್ಕಿಂತ ಹೆಚ್ಚು ತುರುಕಬೇಡಿ. ಒಂದು ಅರ್ಧ ದಿನ ಏನೂ ಇಟ್ಟುಕೊಳ್ಳದೆ ಖಾಲಿ ಬಿಡಿ. ಮಾಂಟ್ರಿಯಲ್‌ನಲ್ಲಿ ದೊಡ್ಡ ಹಿಮ ಬಿದ್ದು ನಿಂತ ಮೇಲೆ ಬೀದಿಯಲ್ಲಿ ಸೈರನ್ ಮೊಳಗುತ್ತದೆ. ಹೆದರಬೇಡಿ, ಉಳಿದ ಕಾರುಗಳನ್ನು ತೆಗೆಯಿರಿ ಎಂಬ ಎಚ್ಚರಿಕೆ ಅದು. ಹಿಂದೆಯೇ ಸಣ್ಣ ಟ್ರ್ಯಾಕ್ಟರುಗಳು ಕಾಲುದಾರಿಯ ಹಿಮವನ್ನು ರಸ್ತೆಗೆ ದೂಡುತ್ತವೆ, ದೊಡ್ಡ ಯಂತ್ರವೊಂದು ಅದನ್ನು ನುಂಗಿ, ಪಕ್ಕದಲ್ಲೇ ನಿಧಾನವಾಗಿ ಸಾಗುವ ಲಾರಿಯೊಳಕ್ಕೆ ಕಮಾನಿನಂತೆ ಉಗುಳುತ್ತದೆ. ಒಂದು ಲಾರಿ ತುಂಬುತ್ತಲೇ ಇನ್ನೊಂದು ಅದರ ಜಾಗಕ್ಕೆ ಬಂದು ನಿಲ್ಲುತ್ತದೆ, ಯಂತ್ರ ಅರೆಕ್ಷಣವೂ ಬಿಡುವು ಕೊಡುವುದಿಲ್ಲ. ಚಳಿಯೊಂದಿಗೆ ಬದುಕುವುದನ್ನು ಒಂದು ಊರು ಹೇಗೆ ಕಲಿತಿದೆ ಎಂಬುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಪ್ರಶ್ನೆ: ಮೈನಸ್ 20 ಡಿಗ್ರಿ ಎಂದರೆ ಎಷ್ಟು ಬಟ್ಟೆ ಬೇಕು? ಎಲ್ಲವನ್ನೂ ಇಲ್ಲಿಂದಲೇ ಕೊಂಡೊಯ್ಯಬೇಕೇ?

ಉತ್ತರ: ಮೂರು ಪದರ ಸಾಕು, ಆದರೆ ಮೂರೂ ಸರಿಯಾಗಿರಬೇಕು. ಮೈಗಂಟಿದ ಪದರ ಮೆರಿನೊ ಉಣ್ಣೆಯದ್ದೋ ಪಾಲಿಯೆಸ್ಟರಿನದ್ದೋ ಇರಲಿ, ಹತ್ತಿಯದ್ದು ಬೇಡ. ಬಿಸಿಯಾಗಿರುವ ಮೆಟ್ರೊದಲ್ಲಿ ಕೋಟು ತೊಟ್ಟು ನಿಂತರೆ ಬೆವರುತ್ತೀರಿ. ಆ ಬೆವರನ್ನು ಹೀರಿಕೊಂಡ ಹತ್ತಿಯ ಬನಿಯನ್ ಹೊರಗೆ ಕಾಲಿಟ್ಟೊಡನೆ ಬೆನ್ನಿಗೆ ತಣ್ಣೀರು ಪಟ್ಟಿಯಾಗುತ್ತದೆ. ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್. ಎಲ್ಲಕ್ಕೂ ಹೊರಗೆ, ಗಾಳಿ ನುಗ್ಗದ, ತೊಡೆಯ ತನಕ ಇಳಿಯುವ, ತಲೆಮುಸುಕು ಇರುವ ಜಾಕೆಟ್. ಜೀನ್ಸ್ ಒಂದನ್ನೇ ನಂಬಬೇಡಿ, ಒಳಗೆ ಥರ್ಮಲ್ ಇರಲಿ. ಬೆರಳುಗಳು ಬೇರೆಬೇರೆಯಾಗಿರುವ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಹೆಚ್ಚು ಬೆಚ್ಚಗೆ.

ಹಣ ಸುರಿಯಬೇಕಾದದ್ದು ಬೂಟಿನ ಮೇಲೆ. ಕೊಳ್ಳುವಾಗ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ತೊಟ್ಟು ನೋಡಿ. ಲೇಸು ಕಟ್ಟಿದ ಮೇಲೂ ಕಾಲ್ಬೆರಳುಗಳು ಸಲೀಸಾಗಿ ಆಡಬೇಕು. ಬಿಗಿಯಾದರೆ ರಕ್ತ ಸರಿಯಾಗಿ ಹರಿಯದೆ, ಎಷ್ಟು ದುಬಾರಿ ಬೂಟಾದರೂ ಬೆರಳು ಮರಗಟ್ಟುತ್ತದೆ. ಕೆಳಭಾಗ ರಬ್ಬರಿನದ್ದೇ ಆಗಿರಲಿ. ರಸ್ತೆ ದಾಟುವ ಮೂಲೆಗಳಲ್ಲಿ ಕರಗಿದ ಹಿಮ, ಉಪ್ಪು, ಮಣ್ಣು ಸೇರಿ ಬೂದುಬಣ್ಣದ ಗಂಜಿಯಾಗಿ ನಿಂತಿರುತ್ತದೆ. ನೋಡಲು ಗಟ್ಟಿ ನೆಲ, ಕಾಲಿಟ್ಟರೆ ಪಾದ ಮುಳುಗುವಷ್ಟು ಆಳ. ಆ ಉಪ್ಪು ಚರ್ಮದ ಬೂಟಿನ ಮೇಲೆ ಬಿಳಿಯ ಗೆರೆ ಬಿಡುತ್ತದೆ, ನೀರಿಗೆ ಸ್ವಲ್ಪ ವಿನೆಗರ್ ಬೆರೆಸಿ ಒರೆಸಿದರೆ ಹೋಗುತ್ತದೆ. ಯಾರದಾದರೂ ಮನೆಗೆ ಹೋದರೆ ಬಾಗಿಲಲ್ಲೇ ಬೂಟು ಬಿಚ್ಚಿಡುವುದು ಅಲ್ಲಿಯ ರೂಢಿ.

ಜಾಕೆಟ್ ಮತ್ತು ಟೋಪಿಯನ್ನು ಕೈಚೀಲದಲ್ಲೇ ಒಯ್ಯಿರಿ. ಬೂಟು, ಮಿಟನ್ ಅಲ್ಲಿಯೇ ಕೊಳ್ಳುವುದು ಮೇಲು. ಫೆಬ್ರುವರಿಯಲ್ಲಿ ಅಂಗಡಿಗಳು ಚಳಿಗಾಲದ ದಾಸ್ತಾನನ್ನು ರಿಯಾಯಿತಿ ದರದಲ್ಲಿ ಮಾರುತ್ತವೆ.

ಇನ್ನು ಮೈನಸ್ 20 ಎಂಬ ಅಂಕಿಯಷ್ಟೇ ಸಾಲದು. ಹವಾಮಾನ ವರದಿಯಲ್ಲಿ ವಿಂಡ್ ಚಿಲ್ ನೋಡಿ. ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸುತ್ತಿದ್ದರೆ ಮೈನಸ್ 20 ಡಿಗ್ರಿಯ ಚಳಿ ಚರ್ಮಕ್ಕೆ ಮೈನಸ್ 33ರಂತೆ ತಟ್ಟುತ್ತದೆ. ವಿಂಡ್ ಚಿಲ್ ಮೈನಸ್ 28ಕ್ಕಿಂತ ಕೆಳಗಿಳಿದರೆ ಮುಚ್ಚಿರದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಕೆನ್ನೆ, ಮೂಗಿನ ತುದಿ, ಕಿವಿ ಬಿಳಿಚಿಕೊಂಡು ಸ್ಪರ್ಶ ತಿಳಿಯದಂತಾದರೆ ತಕ್ಷಣ ಒಳಗೆ ಹೋಗಿ. ಉಜ್ಜಬೇಡಿ, ಬೆಚ್ಚನೆಯ ಅಂಗೈಯಿಂದ ಮುಚ್ಚಿ ಹಿಡಿಯಿರಿ. ಗಂಡಹೆಂಡಿರು ಆಗಾಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರಿ, ತನ್ನ ಮೂಗು ಬಿಳಿಚಿದ್ದು ತನಗೆ ಕಾಣುವುದಿಲ್ಲ.

ಪ್ರಶ್ನೆ: 68 ವರ್ಷದ ಅಮ್ಮನನ್ನು ಕರೆದೊಯ್ಯುವ ಆಸೆ. ಮೊಣಕಾಲು ನೋವು, ಸ್ವಲ್ಪ ಉಬ್ಬಸ ಇದೆ. ಧೈರ್ಯ ಮಾಡಬಹುದೇ?

ಉತ್ತರ: ವೈದ್ಯರು ಒಪ್ಪಿದರೆ ಖಂಡಿತ ಕರೆದೊಯ್ಯಿರಿ. ತಣ್ಣನೆಯ ಒಣಗಾಳಿ ಉಬ್ಬಸವನ್ನು ಕೆರಳಿಸಬಹುದಾದ್ದರಿಂದ ಮೂಗುಬಾಯಿಗೆ ಶಾಲು ಸುತ್ತಿರಲಿ, ಇನ್‌ಹೇಲರ್ ಮೈಶಾಖ ತಾಗುವ ಒಳಜೇಬಿನಲ್ಲಿರಲಿ. ಮಾಂಟ್ರಿಯಲ್‌ನಲ್ಲಿ ಮೆಟ್ರೊ ನಿಲ್ದಾಣಗಳನ್ನೂ ಅಂಗಡಿ, ಹೋಟೆಲುಗಳನ್ನೂ ಬೆಸೆಯುವ 30 ಕಿಲೋಮೀಟರಿಗೂ ಮಿಕ್ಕ ನೆಲದಡಿಯ ದಾರಿಗಳಿವೆ. 1966ರಲ್ಲಿ ಆರಂಭವಾದ ಮೆಟ್ರೊ ರಬ್ಬರ್ ಚಕ್ರಗಳ ಮೇಲೆ, ಪೂರ್ತಿ ನೆಲದಡಿಯಲ್ಲೇ ಓಡುತ್ತದೆ. ಹಿಮ ಅದನ್ನು ಮುಟ್ಟುವುದಿಲ್ಲ. ಈ ದಾರಿಗೆ ಹತ್ತಿರದ ಹೋಟೆಲನ್ನೇ ಹಿಡಿಯಿರಿ. ಲಿಫ್ಟ್ ಇಲ್ಲದ ಮೆಟ್ರೊ ನಿಲ್ದಾಣಗಳು ಹಲವಿವೆ, ಮೊದಲೇ ನಕ್ಷೆ ನೋಡಿಕೊಳ್ಳಿ. ಕ್ವಿಬೆಕ್‌ನ ಹಳೆಯ ನಗರ ಮೇಲೂರು, ಕೆಳಊರು ಎಂದು ಎರಡಾಗಿದೆ. ನಡುವಿನ ಕಡಿದಾದ ಮೆಟ್ಟಿಲು ಬೇಡ, 1879ರಿಂದ ಇರುವ ಫ್ಯೂನಿಕ್ಯುಲರ್ ಎಂಬ ಏರುಬಂಡಿಯಲ್ಲಿ ಹೋಗಲಿ. ಅಲ್ಲಿಂದ ನದಿಯಾಚೆಯ ಲೆವಿ ಊರಿಗೆ ಹೋಗುವ ದೋಣಿಯಲ್ಲಿ ಅಮ್ಮನನ್ನು ಮರೆಯದೆ ಕೂರಿಸಿ. ಬೆಚ್ಚನೆಯ ಕ್ಯಾಬಿನ್ನಿನ ಕಿಟಕಿಯಿಂದಲೇ ಸೇಂಟ್ ಲಾರೆನ್ಸ್ ನದಿಯ ಮಂಜಿನ ಹಾಸುಗಳು ದೋಣಿಗೆ ಬಡಿದು ಸೀಳುವುದು ಕಾಣುತ್ತದೆ, ಸದ್ದು ಕಾಲಡಿಯಿಂದ ಕೇಳುತ್ತದೆ.

ನಿಜವಾದ ಅಪಾಯ ಜಾರಿ ಬೀಳುವುದು. ಅದು ಮೈನಸ್ 20ರ ದಿನಗಳಿಗಿಂತ ಸೊನ್ನೆಯ ಆಸುಪಾಸಿನ ದಿನಗಳಲ್ಲಿ ಹೆಚ್ಚು. ಕಡುಚಳಿಯಲ್ಲಿ ಹಿಮ ಒಣಗಿ, ಬೂಟಿನಡಿ ಕಿರುಗುಟ್ಟುತ್ತ ಹಿಡಿತ ಕೊಡುತ್ತದೆ. ಸೊನ್ನೆಯ ಬಳಿ ಕರಗಿದ ನೀರು ರಾತ್ರಿ ಗಾಜಿನಂತೆ ಹೆಪ್ಪಾಗುತ್ತದೆ, ಇಲ್ಲವೇ ಮಳೆಯೇ ಬಿದ್ದಲ್ಲಿ ಮಂಜುಗಡ್ಡೆಯಾಗುತ್ತದೆ. 1998ರ ಜನವರಿಯಲ್ಲಿ ಇಂಥ ಮಳೆ ದಿನಗಟ್ಟಲೆ ಸುರಿದು ವಿದ್ಯುತ್ ಗೋಪುರಗಳನ್ನೇ ಮಣಿಸಿತ್ತು. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ರಬ್ಬರ್ ಪಟ್ಟಿ ಅಲ್ಲಿ ಸುಲಭವಾಗಿ ಸಿಗುತ್ತದೆ. ಕೊಳ್ಳಿ, ಆದರೆ ಒಳಗೆ ಬಂದೊಡನೆ ಬಿಚ್ಚಿಸಿ. ನುಣುಪಾದ ನೆಲಹಾಸಿನ ಮೇಲೆ ಅದೇ ಮುಳ್ಳು ಜಾರಿಸುತ್ತದೆ. ಪ್ರವಾಸಿಗರು ಚಿಕಿತ್ಸೆಯ ವೆಚ್ಚವನ್ನು ತಾವೇ ಭರಿಸಬೇಕಾದ್ದರಿಂದ ವೈದ್ಯಕೀಯ ವಿಮೆಯಿಲ್ಲದೆ ಹೊರಡಬೇಡಿ, ಇರುವ ಕಾಯಿಲೆಗಳನ್ನು ಅದರಲ್ಲಿ ಮುಚ್ಚಿಡಬೇಡಿ.

ಪ್ರಶ್ನೆ: ಕಾರು ಬಾಡಿಗೆಗೆ ತೆಗೆದುಕೊಂಡರೆ ಅನುಕೂಲವಲ್ಲವೇ?

ಉತ್ತರ: ಹಿಮದಲ್ಲಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಬೇಡವೇ ಬೇಡ. ಮಾಂಟ್ರಿಯಲ್ ಕೂಡ ಸೇರಿರುವ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ಚಳಿಗಾಲದ ಟೈರು ಕಾನೂನಿನಂತೆ ಕಡ್ಡಾಯವಾಗಿರುವುದೇ ರಸ್ತೆಯ ಸ್ಥಿತಿಯನ್ನು ಹೇಳುತ್ತದೆ. ರೈಲಿನಲ್ಲಿ ಹೋಗಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟದ ಕಥೆಯೇನು?

ಉತ್ತರ: ಮಾಂಟ್ರಿಯಲ್‌ನಲ್ಲಿ ಚಿಂತೆಯಿಲ್ಲ. ಪಾರ್ಕ್ ಎಕ್ಸ್‌ಟೆನ್ಷನ್ ಬಡಾವಣೆಯಲ್ಲಿ ಭಾರತೀಯ ಊಟದ ಮನೆಗಳಿವೆ, ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಹತ್ತಿರ. ಎಚ್ಚರ ಬೇಕಾದದ್ದು ನೋಡಲು ಸಸ್ಯಾಹಾರವೆನಿಸುವ ಸ್ಥಳೀಯ ತಿನಿಸುಗಳ ವಿಷಯದಲ್ಲಿ. ಆಲೂಗಡ್ಡೆ, ಚೀಸ್ ತುಣುಕುಗಳ ಪುಟೀನ್ ಮೇಲೆ ಸುರಿಯುವ ಸಾರು ಸಾಮಾನ್ಯವಾಗಿ ಮಾಂಸದ್ದು. ಈರುಳ್ಳಿ ಸೂಪಿನಲ್ಲಿ ದನದ ಮಾಂಸದ ರಸ, ಬಟಾಣಿ ಸೂಪಿನಲ್ಲಿ ಹಂದಿಮಾಂಸ ಇರುವುದು ವಾಡಿಕೆ. ಸಸ್ಯಾಹಾರಿ ಪುಟೀನ್ ಕೂಡ ಹಲವು ಕಡೆ ಮಾಡುತ್ತಾರೆ, ಕೇಳಿ. ಜೇನು ಬೆರೆಸಿದ ನೀರಿನಲ್ಲಿ ಕುದಿಸಿ ಸೌದೆ ಒಲೆಯಲ್ಲಿ ಸುಡುವ ಎಳ್ಳಿನ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡು ಬಿಸಿಬಿಸಿಯಾಗಿ ತಿನ್ನಲೇಬೇಕಾದದ್ದು, ಆದರೆ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ. ಅದನ್ನೂ ಕೇಳಿಕೊಳ್ಳಿ.

ಯಾವ ಅನುಮಾನವೂ ಇಲ್ಲದೆ ತಿನ್ನಬಹುದಾದದ್ದು ಹಿಮದ ಮೇಲಿನ ಮೇಪಲ್ ಮಿಠಾಯಿ. ಮೇಪಲ್ ಪಾಕವನ್ನು ಇನ್ನಷ್ಟು ಕಾಯಿಸಿ, ತೊಟ್ಟಿಯಲ್ಲಿ ಒತ್ತಿಟ್ಟ ಶುಭ್ರ ಹಿಮದ ಮೇಲೆ ಗೆರೆಯಾಗಿ ಸುರಿಯುತ್ತಾರೆ. ಅದು ಅಂಚಿನಿಂದ ಬಿಗಿಯತೊಡಗಿದಾಗ ನೀವೇ ಮರದ ಕಡ್ಡಿಯಿಂದ ಸುತ್ತಿ ಎತ್ತಿಕೊಳ್ಳಬೇಕು. ಹೊರಗೆ ತಣ್ಣಗೆ, ಒಳಗೆ ಇನ್ನೂ ಬೆಚ್ಚಗೆ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ಮರದ ರಸ ಬೇಕು ಎಂಬುದನ್ನು ತಿಳಿದು ತಿಂದರೆ ರುಚಿ ಹೆಚ್ಚು. ಬಿಲ್ಲಿನ ವಿಷಯ: ಕ್ವಿಬೆಕ್ ಪ್ರಾಂತದಲ್ಲಿ ಮೆನುವಿನ ಬೆಲೆಯ ಮೇಲೆ ಸುಮಾರು ಶೇ 15ರಷ್ಟು ತೆರಿಗೆ, ಕುಳಿತು ಉಂಡರೆ ಅದರ ಮೇಲೆ ಶೇ 15ರಷ್ಟಾದರೂ ಟಿಪ್ಸ್ ಸೇರುತ್ತದೆ. ಲೆಕ್ಕ ಹಾಕಿಯೇ ಕೂರಿ.

ಪ್ರಶ್ನೆ: ಚಳಿಯಲ್ಲಿ ಮೊಬೈಲ್, ಕ್ಯಾಮೆರಾ ಕೆಡುತ್ತವೆಯೇ?

ಉತ್ತರ: ಕೆಡುವುದಿಲ್ಲ, ಆದರೆ ಬ್ಯಾಟರಿ ಬೇಗ ಕುಸಿಯುತ್ತದೆ. ಒಳಜೇಬಿನಲ್ಲಿಟ್ಟುಕೊಂಡು, ಬೇಕಾದಾಗ ಮಾತ್ರ ತೆಗೆಯಿರಿ. ಕ್ಯಾಮೆರಾವನ್ನು ಒಳಗೆ ತರುವ ಮುನ್ನ ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ. ಕೋಣೆಯ ಶಾಖಕ್ಕೆ ಹೊಂದಿಕೊಂಡ ಮೇಲೆ ತೆರೆದರೆ ತೇವ ಚೀಲದ ಹೊರಗೇ ಉಳಿಯುತ್ತದೆ, ಲೆನ್ಸ್ ಒಣಗಿರುತ್ತದೆ.

ಪ್ರಶ್ನೆ: ಇದೇ ಪ್ರವಾಸದಲ್ಲಿ ಉತ್ತರದ ಬೆಳಕು, ಅಂದರೆ ರಾತ್ರಿಯ ಆಗಸದಲ್ಲಿ ಮೂಡುವ ಬಣ್ಣದ ಬೆಳಕು (ಅರೋರಾ) ಕಾಣುತ್ತದೆಯೇ?

ಉತ್ತರ: ಅದನ್ನು ನೆಚ್ಚಿಕೊಳ್ಳಬೇಡಿ. ಮಾಂಟ್ರಿಯಲ್ ಇರುವುದು 45 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಅದು ಕಾಣುವುದು ಅಪರೂಪ, ನಗರದ ದೀಪಗಳೂ ಅಡ್ಡ. ಅದಕ್ಕೆ 62 ಡಿಗ್ರಿಯಲ್ಲಿರುವ ಯೆಲ್ಲೋನೈಫ್‌ಗೆ ಹೋಗಬೇಕು. ಅದು ಬೇರೆಯೇ ಪ್ರವಾಸ, ಬೇರೆಯೇ ಖರ್ಚು. ಇದೇ ವೀಸಾ ಅವಧಿಯೊಳಗೆ ಇನ್ನೊಮ್ಮೆ ಬರುವುದಾದರೆ ಶುಲ್ಕ ಉಳಿಯುತ್ತದೆ. ಪ್ರವಾಸಿ ವೀಸಾಕ್ಕೆ 100 ಡಾಲರ್, ಬೆರಳಚ್ಚು ಮತ್ತು ಚಿತ್ರಕ್ಕೆ 85 ಡಾಲರ್, ಎರಡೂ ಕೆನಡಾದ ಡಾಲರಿನಲ್ಲಿ. ಆ ಬೆರಳಚ್ಚು 10 ವರ್ಷ ನಡೆಯುತ್ತದೆ. ಅರ್ಜಿಯನ್ನು ತಿಂಗಳುಗಳ ಮೊದಲೇ ಹಾಕಿ, ವೀಸಾ ಕೈಗೆ ಬಂದ ಮೇಲೆ ಟಿಕೆಟ್ ಕೊಳ್ಳಿ.