ಎದೆಗುಂದಬೇಡ ಎಂದವರಿಗೆ

ನಿನ್ನ ಪತ್ರ ಸಿಕ್ಕಿತು. ಈ ದೇಶಕ್ಕೆ ಬಂದು ಏಳು ತಿಂಗಳಾಗಿದೆ, ಹೋದ ವಾರ ಸ್ತನ ಕ್ಯಾನ್ಸರ್ ಎಂದು ಹೇಳಿದ್ದಾರೆ, ಇಲ್ಲಿ ಗಂಡನ ಹೊರತು ಯಾರೂ ಇಲ್ಲ, ಊರಿನಲ್ಲಿ ಒಬ್ಬ ತಂಗಿ ಇದ್ದಾಳೆ ಎಂದು ಬರೆದಿದ್ದೀಯ. ವಿಮೆ ಸಾಕಾಗುತ್ತದೆಯೇ, ವಿಗ್ ಕೊಳ್ಳಲೇ, ಮನೆಯವರಿಗೆ ಹೇಳಲೇ ಎಂದು ಕೇಳಿದ್ದೀಯ. ಕೊನೆಗೆ, "ಅಕ್ಕಾ, ನೀವು ಚಿಕಿತ್ಸೆಯ ಉದ್ದಕ್ಕೂ ನಗುತ್ತಲೇ ಇದ್ದಿರಂತೆ, ಅದು ಹೇಗೆ?" ಎಂದು. ಅಕ್ಕ ಎಂದಮೇಲೆ ನಾನು 'ನೀನು' ಎಂದೇ ಬರೆಯುತ್ತೇನೆ.

ವಿಮೆಯ ಬಗ್ಗೆ ನನ್ನನ್ನು ಕೇಳಬೇಡ, ನನ್ನ ಕಾಲದ ನಿಯಮಗಳು ಈಗಿಲ್ಲ. ಆಸ್ಪತ್ರೆಯಲ್ಲಿ ಅದಕ್ಕೆಂದೇ ಜನ ಇರುತ್ತಾರೆ. ವಿಗ್ ಬೇಕೆನಿಸಿದರೆ ಕೂದಲು ಉದುರುವ ಮೊದಲೇ ಕೊಂಡುಕೋ, ಬಣ್ಣ ಹೊಂದಿಸುವುದು ಸುಲಭ. ಕಿಮೋ ನಡೆಯುವ ದಿನಗಳಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡು. ಬೆಳಗಾಗಲಿ ನೋಡೋಣ ಎನ್ನುವ ನಮ್ಮ ಅಭ್ಯಾಸ ಅಲ್ಲಿ ಬೇಡ.

ಇನ್ನು ನಗುವಿನ ವಿಷಯ. ನಗು ಗೆಡ್ಡೆಯನ್ನು ಕರಗಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ನನ್ನದನ್ನು ತೆಗೆದದ್ದು ಚಾಕು. ಉಳಿದದ್ದನ್ನು ನೋಡಿಕೊಂಡದ್ದು ಔಷಧಿ. ನಗು ಮಾಡಿದ್ದು ಇಷ್ಟೇ: ಕಾಯುವ ಕೋಣೆಯಲ್ಲಿ ಹೊತ್ತು ಕಳೆಯಿತು. ಅಲ್ಲಿ ಹೊತ್ತು ಎಷ್ಟಿರುತ್ತದೆ ಎಂದು ನಿನಗೂ ಗೊತ್ತಾಗುತ್ತದೆ.

ನಾನು ಬಂದದ್ದು 2012ರಲ್ಲಿ. ಮರುವರ್ಷವೇ ಈ ಕಾಯಿಲೆ. ಬಯಾಪ್ಸಿ ಪಾಸಿಟಿವ್ ಎಂದರು, ಅದು ಕೆಟ್ಟ ಸುದ್ದಿ. ಗೆಡ್ಡೆ ಈಸ್ಟ್ರೋಜನ್ ಪಾಸಿಟಿವ್ ಎಂದರು, ಅದು ಒಳ್ಳೆಯ ಸುದ್ದಿಯಂತೆ, ಆ ಹಾರ್ಮೋನನ್ನು ತಡೆಯುವ ಮಾತ್ರೆ ಕೆಲಸ ಮಾಡುತ್ತದಂತೆ. ಶಸ್ತ್ರಚಿಕಿತ್ಸೆ ಆದಮೇಲೆ ಕಂಕುಳಿನ ಗ್ರಂಥಿಗಳು ನೆಗೆಟಿವ್ ಎಂದಾಗ ನಾನು ಅಳಲು ಸಿದ್ಧಳಾಗುತ್ತಿದ್ದೆ, ಅಷ್ಟರಲ್ಲಿ ವೈದ್ಯೆ ಅಭಿನಂದನೆ, ಅಲ್ಲಿಗೆ ಹರಡಿಲ್ಲ ಎಂದು ಕೈ ಕುಲುಕಿದರು. ಹೊರಡುವಾಗ "ಪಾಸಿಟಿವ್ ಆಗಿರಿ" ಎಂದು ಬೆನ್ನು ತಟ್ಟಿದರು. ಯಾವ ಪಾಸಿಟಿವ್ ಎಂದು ಕೇಳುವಷ್ಟು ಇಲ್ಲಿನ ಮಾತು ಆಗ ನನಗೆ ಬರುತ್ತಿರಲಿಲ್ಲ.

ನೋವು ಒಂದರಿಂದ ಹತ್ತರಲ್ಲಿ ಎಷ್ಟು ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ನಾವು ಏನು ಹೇಳುತ್ತೇವೆ? ಪರವಾಗಿಲ್ಲ. ಪರವಾಗಿಲ್ಲ ಎಂಬುದು ಹತ್ತರಲ್ಲಿ ಎಷ್ಟು ಎಂದು ನನಗೆ ಇಂದಿಗೂ ತಿಳಿದಿಲ್ಲ. ನೀನು ಸರಿಯಾದ ಅಂಕಿಯನ್ನೇ ಹೇಳು. ಸಂಕೋಚಕ್ಕೆ ಮೂರು ಎಂದರೆ ಮೂರಕ್ಕೆ ತಕ್ಕ ಮಾತ್ರೆಯೇ ಸಿಗುವುದು. ಅದನ್ನು ನಾನು ಎರಡು ರಾತ್ರಿ ಹಲ್ಲು ಕಚ್ಚಿ ಕಲಿತೆ.

ಬಣ್ಣಗಳ ಕಥೆಯನ್ನೂ ಹೇಳಿಬಿಡುತ್ತೇನೆ, ನೀನು ಗಾಬರಿಯಾಗಬಾರದಲ್ಲ. ಕಾಯಿಲೆ ಹರಡಿದರೆ ಮೊದಲು ತಲುಪುವ ಕಂಕುಳಿನ ಗ್ರಂಥಿ ಯಾವುದು ಎಂದು ಪತ್ತೆ ಮಾಡಲು ಎದೆಗೆ ನೀಲಿ ಬಣ್ಣ ಚುಚ್ಚುತ್ತಾರೆ. ಆಮೇಲೆ ಒಂದೆರಡು ದಿನ ಮೂತ್ರ ಹಸಿರು. ಕಿಮೋದಲ್ಲಿ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧಿ ಕೊಟ್ಟರೆ ಮೂತ್ರ ಕೆಂಪು. ಹಳದಿ ಮೊದಲಿನಿಂದ ಇದ್ದದ್ದೇ. ಮೂರು ತಿಂಗಳಲ್ಲಿ ಟ್ರಾಫಿಕ್ ಸಿಗ್ನಲ್ ಪೂರ್ತಿಯಾಯಿತು. ಆ ಕೆಂಪು ಔಷಧಿಯ ಮೂಲ ಇಟಲಿಯ ಮಣ್ಣಿನ ಒಂದು ಸೂಕ್ಷ್ಮಜೀವಿಯಂತೆ. ಆಡ್ರಿಯಾಮೈಸಿನ್ ಎಂಬ ಅದರ ಇನ್ನೊಂದು ಹೆಸರು ಆಡ್ರಿಯಾಟಿಕ್ ಸಮುದ್ರದಿಂದ ಬಂದದ್ದು. ಸದ್ಯ, ನನ್ನ ಮೈಯೊಳಗೆ ಇನ್ನೊಬ್ಬ ವಲಸೆಗಾರ ಎಂದುಕೊಂಡೆ.

ತಲೆಗೂದಲು ಹೋಗುತ್ತದೆ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಮೂಗಿನೊಳಗಿನ ಕೂದಲೂ ಹೋಗುತ್ತದೆ, ಆಮೇಲೆ ಮೂಗು ತಡೆಯಿಲ್ಲದೆ ಸೋರುತ್ತದೆ ಎಂದು ಯಾರೂ ಹೇಳುವುದಿಲ್ಲ. ಒಂದು ದಿನ ಬಸ್ ನಿಲ್ದಾಣದಲ್ಲಿ ಕರವಸ್ತ್ರ ಹಿಡಿದು ನಿಂತಿದ್ದೆ. ಅಪರಿಚಿತ ಹೆಂಗಸೊಬ್ಬಳು ಅಳುತ್ತಿದ್ದೇನೆಂದು ತಿಳಿದು ಹತ್ತಿರ ಬಂದಳು. "ಮೂಗು, ಮೂಗು" ಎಂದೆ. ನನಗೆ ಬಂದ ಪದ ಅದೊಂದೇ. ಅವಳು ಅದನ್ನು ಏನೆಂದು ಅರ್ಥ ಮಾಡಿಕೊಂಡಳೋ, ಗಟ್ಟಿಯಾಗಿ ಅಪ್ಪಿಕೊಂಡಳು. ಬಸ್ಸೂ ತಪ್ಪಿತು.

ಇವೆಲ್ಲ ಇಲ್ಲಿನವರಿಗೂ ಹೇಳಬಹುದಾದ ಹಾಸ್ಯ. ನನಗೆ ನಿಜವಾಗಿ ನಗು ತರಿಸಿದ್ದು ಕನ್ನಡದಲ್ಲಿ ಹೊಳೆದದ್ದು. ಎಲ್ಲರೂ "ಎದೆಗುಂದಬೇಡ" ಎಂದು ಸಂದೇಶ ಕಳಿಸುತ್ತಿದ್ದರು. ಒಂದು ಕಡೆ ಆಗಲೇ ಕುಂದಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೊಲಿಗೆ ಎಳೆಯುವಷ್ಟು ನಕ್ಕೆ. "ನಿನ್ನ ಒಂದು ಕೂದಲೂ ಕೊಂಕುವುದಿಲ್ಲ" ಎಂದಳು ಒಬ್ಬ ಗೆಳತಿ. ಅವಳ ಮಾತು ಸುಳ್ಳಾಗಲಿಲ್ಲ, ಕೊಂಕುವುದಕ್ಕೆ ಒಂದೂ ಉಳಿಯಲಿಲ್ಲ. ಕೊಂಕಿದ್ದು ಆಮೇಲೆ, ಹೊಸ ಕೂದಲು ಸುರುಳಿ ಸುರುಳಿಯಾಗಿ ಬಂದಾಗ. ಇದನ್ನು ನರ್ಸಿಗೆ ಹೇಗೆ ಹೇಳುವುದು? ಒಮ್ಮೆ ಪ್ರಯತ್ನಿಸಿದೆ. ಆಕೆ ಮರುಕದಿಂದ ತಲೆಯಾಡಿಸಿ, ಮನಶ್ಶಾಸ್ತ್ರಜ್ಞರನ್ನು ಕಾಣುತ್ತೀರಾ ಎಂದಳು. ಗಂಡನಿಗೆ ಹೇಳಿದರೆ ಅವರ ಮುಖ ಬಾಡುತ್ತಿತ್ತು.

ಇಂಥ ಮಾತಿಗೆ ನನ್ನೊಂದಿಗೆ ನಗಬಲ್ಲವಳು ಒಬ್ಬಳೇ ಇದ್ದಳು, ನನ್ನ ಅಕ್ಕ. ಚಿಕ್ಕಂದಿನಿಂದ ನಾವಿಬ್ಬರೂ ಸಾವಿನ ಮನೆಯಲ್ಲೂ ಮಾತಿನ ಕಾಲೆಳೆದು ಬೈಸಿಕೊಂಡವರು. ಅವಳಿಗೇ ನಾನು ಹೇಳಲಿಲ್ಲ. ಅಷ್ಟು ದೂರದಿಂದ ಏನು ಮಾಡಿಯಾಳು, ಸುಮ್ಮನೆ ನಿದ್ದೆಗೆಡುತ್ತಾಳೆ, ಅವಳಿಂದ ಅಮ್ಮನಿಗೆ, ಅಮ್ಮನಿಂದ ಎಲ್ಲರಿಗೆ. ನಮ್ಮ ಮನೆಗಳಲ್ಲಿ ಇಂಥ ಸುದ್ದಿ ಹೇಗೆ ಓಡಾಡುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ವಿಗ್ ತೊಟ್ಟು, ಹುಬ್ಬು ಬರೆದುಕೊಂಡು ವಿಡಿಯೋ ಕರೆಗೆ ಕೂರುತ್ತಿದ್ದೆ.

"ಏನೇ, ಕೂದಲು ಇಷ್ಟು ಚೆನ್ನಾಗಿದೆ?" ಎಂದಳು ಒಂದು ದಿನ.

"ಇಲ್ಲಿನ ನೀರು ಒಗ್ಗಿತು."

"ನನಗೂ ಒಂದು ಬಾಟಲಿ ಆ ನೀರು ಕಳಿಸು."

ಇಬ್ಬರೂ ನಕ್ಕೆವು. ಕರೆ ಮುಗಿದ ಮೇಲೆ ಎಷ್ಟು ಚೆನ್ನಾಗಿ ನಿಭಾಯಿಸಿದೆ ಎಂದು ನನಗೆ ಹೆಮ್ಮೆಯೇ ಆಯಿತು. ನಿನಗೆ ಯಾರೋ ಹೇಳಿದರಲ್ಲ, ಉದ್ದಕ್ಕೂ ನಗುತ್ತಿದ್ದೆ ಎಂದು, ಆ ಹೆಸರು ಬಂದದ್ದು ಹೀಗೆ.

ವೈದ್ಯೆ ಮೊದಲ ತಿಂಗಳೇ ಕೇಳಿದ್ದರು, ಅಕ್ಕತಂಗಿಯರಿದ್ದಾರೆಯೇ ಎಂದು. ಒಬ್ಬಳಿಗೆ ಬಂದರೆ ಇನ್ನೊಬ್ಬಳಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ, ತಿಳಿಸಿ, ತಪಾಸಣೆ ಮಾಡಿಸಿಕೊಳ್ಳಲಿ ಎಂದರು. ನಾನು ತಲೆಯಾಡಿಸಿದೆ. ನಾವು ಹೇಗೆ ತಲೆಯಾಡಿಸುತ್ತೇವೆ ಎಂದು ಗೊತ್ತಲ್ಲ, ಹೌದೋ ಅಲ್ಲವೋ ನೋಡಿದವರಿಗೆ ತಿಳಿಯಬಾರದು.

2017ರಲ್ಲಿ ಅಕ್ಕನ ಕೈಗೆ ಎದೆಯಲ್ಲೊಂದು ಗಂಟು ಸಿಕ್ಕಿತು. ಎಂಟು ತಿಂಗಳು ಯಾರಿಗೂ ತೋರಿಸದೆ ಸುಮ್ಮನಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ನಮ್ಮ ವಂಶದಲ್ಲಿ ಯಾರಿಗೂ ಇಲ್ಲವಲ್ಲ ಎಂದುಕೊಂಡೆ" ಎಂದಳು. ಅಷ್ಟರಲ್ಲಿ ಅದು ಕಂಕುಳಿಗೆ ಇಳಿದಿತ್ತು. ಆ ಕ್ಷಣದಲ್ಲಿ ಫೋನಿನಲ್ಲೇ ಹೇಳಿದೆ, ನಾಲ್ಕು ವರ್ಷದ ಎಲ್ಲವನ್ನೂ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಕರೆ ಕಡಿದಿದೆ ಎಂದುಕೊಂಡು "ಅಕ್ಕಾ" ಎಂದೆ.

"ಅಂತೂ ಆ ನೀರು ಕಳಿಸಿದೆ" ಎಂದಳು.

ನಾನು ಹೇಳಿದ್ದರೆ ಅವಳು ಮೊದಲೇ ತೋರಿಸಿಕೊಳ್ಳುತ್ತಿದ್ದಳೇ? ಮೈಗಳ್ಳಿ ಅವಳು, ಆಗಲೂ ತೋರಿಸಿಕೊಳ್ಳದೆ ಇರುತ್ತಿದ್ದಳೇನೋ. ಹೀಗೆ ಹೇಳಿಕೊಂಡು ಕೆಲವು ರಾತ್ರಿ ಕಳೆಯುತ್ತವೆ, ಎಲ್ಲವೂ ಅಲ್ಲ.

ಮನೆಯವರಿಗೆ ಹೇಳಲೇ ಎಂದು ಕೇಳಿದ್ದೀಯಲ್ಲ. ಅತ್ತೆ, ಮಾವ, ಚಿಕ್ಕಪ್ಪಂದಿರಿಗೆ ಹೇಳುವುದು ಬಿಡುವುದು ನಿನ್ನಿಷ್ಟ. ತಂಗಿಗೆ ಇವತ್ತೇ ಫೋನ್ ಮಾಡು. ಅಲ್ಲಿ ಎಷ್ಟು ಗಂಟೆಯಾಗಿದೆ ಎಂದು ಲೆಕ್ಕ ಹಾಕುತ್ತಾ ಕೂರಬೇಡ.

ನನ್ನ ಮಾತ್ರೆ ಮೊದಲು ಐದು ವರ್ಷ ಎಂದಿದ್ದರು, ಆಮೇಲೆ ಹತ್ತು ಎಂದರು. ವೀಸಾ ಇಷ್ಟು ಸಲೀಸಾಗಿ ವಿಸ್ತರಣೆಯಾಗಿದ್ದನ್ನು ನಾನು ಕಂಡಿಲ್ಲ. ಅದೂ ಮುಗಿದಿದೆ. ಅಕ್ಕನ ಚಿಕಿತ್ಸೆ ಇನ್ನೂ ನಡೆಯುತ್ತಿದೆ.

ಅವಳ ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನ ನಾನು ಪಕ್ಕದ ಕುರ್ಚಿಯಲ್ಲಿದ್ದೆ. ನೋಡಲು ಬಂದವರೊಬ್ಬರು ಬಾಗಿಲಲ್ಲಿ ನಿಂತು "ಎದೆಗುಂದಬೇಡಮ್ಮ" ಎಂದು ಹೇಳಿ ಹೋದರು. ಅಕ್ಕ ನನ್ನ ಕಡೆ ತಿರುಗಿ, ಉಸಿರು ಸಾಲದ ದನಿಯಲ್ಲಿ, "ಕುಂದಿದ ಮೇಲೆ ಬಂದು ಹೇಳುತ್ತಾರಲ್ಲೇ" ಎಂದಳು. ಅದು ನನಗೆ ಎಂದೋ ಹೊಳೆದಿತ್ತು ಎಂದು ನಾನು ಹೇಳಲಿಲ್ಲ. ಮೊದಲ ಸಲ ಕೇಳಿದವಳ ಹಾಗೆ ನಕ್ಕೆ.